ತೆರೆಯ ಮೇಲೆ ಕನ್ನಡಕ್ಕೆ ಎಡೆ

ಗಣಕಯಂತ್ರದ ತೆರೆಯ ಮೇಲೆ, ಅಂಗೈಯೊಳಗಿನ ಮೊಬೈಲಿನ ಮೇಲೆ ಕನ್ನಡ ಮೂಡಿತೆಂದರೆ ಕೆಲಸ ತೀರಿತೆಂದು ತಿಳಿಯುವವರು ಬಹಳ. ಮೂಡುವದು ಬೇರೆ, ಮೂಡಿದ್ದು ಪೂರ್ತಿಯಾಗಿ ಕಾಣುವದು ಬೇರೆ. ರಾಮದುರ್ಗದ ಕಡೆಯ ನೇಕಾರನೊಬ್ಬನು ತನ್ನ ಅರ್ಜಿಯಲ್ಲಿ ‘ಮಗ್ಗ’ ಎಂದು ತುಂಬಿದನೆನ್ನಿ. ಆ ಖಾನೆಯ ಎತ್ತರ ಸಾಲದೆ ಕೆಳಗಿನ ಒತ್ತು ಮರೆಯಾದರೆ ತೆರೆಯ ಮೇಲೆ ಉಳಿಯುವದು ‘ಮಗ’. ‘ಹಳ್ಳಿ’ಯ ಒತ್ತು ಹೋದರೆ ರೈಲಿನ ‘ಹಳಿ’. ‘ಕತ್ತೆ’ಯ ಒತ್ತು ಹೋದರೆ ‘ಕತೆ’. ‘ಅಕ್ಕಿ’ಯಂತೂ ‘ಅಕಿ’ಯಾಗಿ ನಿಲ್ಲುತ್ತದೆ, ಅದಕ್ಕೆ ನಮ್ಮ ಸೀಮೆಯ ಆಡುಮಾತಿನಲ್ಲಿ ‘ಅವಳು’ ಎಂದರ್ಥ. ಅಂಗಡಿಯವನ ಪಟ್ಟಿಯಲ್ಲಿ ‘ಅಕಿ, ಇಪ್ಪತ್ತೈದು ಕಿಲೊ’ ಎಂದು ಕಂಡರೆ ನಗು ಬಾರದಿರುವದೆ?

ಆದರೆ ಎಲ್ಲವೂ ನಗುವ ಮಾತಲ್ಲ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ನಿಷೇಧವು ಆ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ‘ಹಣ ಜಮಾ ಆಗಿದೆ’, ‘ಹಣ ಜಮಾ ಆಗಿಲ್ಲ’—ಈ ಎರಡು ವಾಕ್ಯಗಳು ‘ಆಗಿ’ ಎಂಬಲ್ಲಿಯವರೆಗೆ ಒಂದೇ. ಖಾನೆಯ ಅಗಲ ಸಾಲದಿದ್ದಾಗ ಯಂತ್ರವು ಮಾತಿನ ಬಾಲವನ್ನು ಕತ್ತರಿಸಿ ಅಲ್ಲಿ ಮೂರು ಚುಕ್ಕಿ ಇಡುವ ವಾಡಿಕೆಯುಂಟು. ‘ಹಣ ಜಮಾ ಆಗಿ…’ ಎಂದು ಓದಿದ ರೈತನು ಸಾಲ ತೀರಿಸಲು ಹೊರಡಬೇಕೆ, ಮನೆಯಲ್ಲಿ ಕೂಡಬೇಕೆ? ಇಂಗ್ಲಿಷಿನಲ್ಲಿಯಾದರೆ ‘ನಾಟ್’ ಎಂಬ ಮಾತು ನಡುವೆಯೇ ಬಂದುಬಿಡುತ್ತದೆ. ಬಾಲ ಹೋದರೂ ಸುದ್ದಿ ಉಳಿಯುತ್ತದೆ. ನಮ್ಮಲ್ಲಿ ಬಾಲ ಹೋಯಿತೆಂದರೆ ಸುದ್ದಿಯೇ ಹೋಯಿತು.

ಇಂಥದನ್ನು ಕಂಡವರು, ‘ಕನ್ನಡ ಯಂತ್ರಕ್ಕೆ ಒಗ್ಗದ ಭಾಷೆ, ಮಾತುಗಳು ಬಹಳ ಉದ್ದ’ ಎಂದು ತೀರ್ಪು ಕೊಟ್ಟು ಮೊಬೈಲನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾರೆ. ಈ ತೀರ್ಪನ್ನು ನಾನು ಒಪ್ಪಲಾರೆ. ದೋಷವಿರುವದು ಭಾಷೆಯಲ್ಲಲ್ಲ, ತೆರೆಯ ಮೇಲಿನ ಎಡೆಯನ್ನು ಹಂಚಿದ ರೀತಿಯಲ್ಲಿ. ಆ ಹಂಚಿಕೆ ಹೇಗೆ ನಡೆಯುತ್ತದೆಂಬದು ಗಣಿತದ ಗಂಟಲ್ಲ. ಹತ್ತು ಜನರಿಗೆ ಪಂಕ್ತಿ ಹಾಕಿ ಬಡಿಸಿದ ಯಾರಿಗೂ ತಿಳಿಯುವಂಥದು. ‘ಎಡೆ’ ಎಂಬ ನಮ್ಮ ಮಾತಿಗೆ ಸ್ಥಳವೆಂಬ ಅರ್ಥವೂ ಉಂಟು, ಬಡಿಸಿಟ್ಟ ಊಟವೆಂಬ ಅರ್ಥವೂ ಉಂಟು. ಈ ಲೇಖನಕ್ಕೆ ಎರಡೂ ಬೇಕಾಗುತ್ತವೆ.

ತೆರೆಯ ಮೇಲೆ ನಾವು ಒತ್ತುವ ಗುಂಡಿ, ಹೆಸರು ತುಂಬುವ ಖಾನೆ, ಅದರ ಪಕ್ಕದ ‘ಹೆಸರು’ ಎಂಬ ಬರಹ, ಜಗ್ಗುವ ಪಟ್ಟಿ—ಇವುಗಳಿಗೆಲ್ಲ ಒಟ್ಟಾಗಿ ವಿಜೆಟ್ ಎಂದು ಹೆಸರು. ಇವನ್ನು ಕೂಡ್ರಿಸುವ ಚೌಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ಚೌಕಟ್ಟಿನೊಳಗೆ ಮತ್ತೆ ಚೌಕಟ್ಟು ಇರಬಹುದು. ಎಲ್ಲಕ್ಕೂ ಹೊರಗಿನದು ವಿಂಡೋ. ತೆರೆಯು ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳಿಂದ ಆದದ್ದು. ಆ ಚುಕ್ಕಿಯೇ ಪಿಕ್ಸೆಲ್. ಇನ್ನು ಯಾವ ವಿಜೆಟ್ಟು ಎಲ್ಲಿ ಕೂಡಬೇಕು, ಎಷ್ಟು ಉದ್ದಗಲ ಇರಬೇಕು ಎಂಬದನ್ನು ಯಾರಾದರೂ ಹೇಳಬೇಕಷ್ಟೆ.

ಸುಲಭವಾಗಿ ತೋರುವ ದಾರಿ ಅಂಕಿ ಬರೆದುಬಿಡುವದು. ಎಡದಿಂದ 40 ಚುಕ್ಕಿ, ಮೇಲಿನಿಂದ 100 ಚುಕ್ಕಿ, ಅಗಲ 80, ಎತ್ತರ 24, ಮುಗಿಯಿತು. 1984ರಲ್ಲಿ ಹೊರಬಂದ ಮೊದಲ ಮ್ಯಾಕಿಂತೋಷ್ ಯಂತ್ರದ ತೆರೆ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿಯದು; ಅಂಥ ಒಂದೇ ಅಳತೆಯ ತೆರೆಯ ಮುಂದೆ ಕೂತವನಿಗೆ ಅಂಕಿ ಬರೆಯುವದು ತಪ್ಪೆನಿಸುವ ಕಾರಣವಿರಲಿಲ್ಲ. ಇಂದು ಒಂದೇ ಮನೆಯಲ್ಲಿ ಅಜ್ಜನ ಮೊಬೈಲು ಒಂದು ಅಳತೆ, ಮೊಮ್ಮಗಳ ಲ್ಯಾಪ್‌ಟಾಪು ಇನ್ನೊಂದು ಅಳತೆ. ಅಜ್ಜನು ಕಣ್ಣು ಮಂಜಾಗಿದೆಯೆಂದು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾನೆ. ಮೇಲಾಗಿ, 80 ಚುಕ್ಕಿಯ ಅಗಲವನ್ನು ಗೊತ್ತುಮಾಡಿದವನು ನಾಲ್ಕು ರೋಮನ್ ಅಕ್ಷರಗಳ ‘ಎಡಿಟ್’ ಎಂಬ ಮಾತನ್ನು ಕಣ್ಣ ಮುಂದಿಟ್ಟುಕೊಂಡು ಅಳೆದಿರುತ್ತಾನೆ. ಅಲ್ಲಿ ‘ಸಂಪಾದಿಸು’ ಎಂದು ಕೂಡ್ರಿಸಿದರೆ ಹಿಡಿಯುವದೆಲ್ಲಿ? ಇದು ಕನ್ನಡಕ್ಕಷ್ಟೇ ಬಂದ ಪಾಡೂ ಅಲ್ಲ. ಹತ್ತಕ್ಷರದೊಳಗಿನ ಇಂಗ್ಲಿಷ್ ಮಾತು ಅನುವಾದದಲ್ಲಿ ಎರಡು ಮೂರು ಪಟ್ಟು ಹಿಗ್ಗಬಹುದೆಂದು ಐಬಿಎಂ ಕಂಪನಿಯು ತನ್ನ ಮಾರ್ಗದರ್ಶಿಯಲ್ಲಿ ಎಂದೋ ಲೆಕ್ಕ ಹಾಕಿಟ್ಟಿದೆ. ಅದು ಯುರೋಪಿನ ಭಾಷೆಗಳನ್ನು ನೋಡಿ ಹಾಕಿದ ಲೆಕ್ಕ. ಜರ್ಮನರು ತಮ್ಮ ಭಾಷೆ ಉದ್ದವೆಂದು ಅದನ್ನು ಬಿಟ್ಟುಕೊಟ್ಟರೆಂದು ನಾನು ಕೇಳಿಲ್ಲ.

ಅಂಕಿ ಬರೆಯುವದನ್ನು ಬಿಟ್ಟು ಇನ್ನೊಂದು ದಾರಿಯುಂಟು. ಅದಕ್ಕೆ ಈ ಪತ್ರಿಕೆಯ ಕಾರ್ಯಕ್ರಮಗಳ ಪಟ್ಟಿಯೇ ಒಳ್ಳೆಯ ಉದಾಹರಣೆ. ವಾರ್ತೆಗೆ ಇಷ್ಟೇ ನಿಮಿಷವೆಂದು ಕಟ್ಟಳೆ. ಅದು ಹಿಗ್ಗದು, ಕುಗ್ಗದು. ಭಾಷಣಕ್ಕೆ ಹತ್ತು ನಿಮಿಷವೆಂದಿದ್ದರೂ ಎಂಟಕ್ಕೆ ಮುಗಿಯಬಹುದು, ಆದರೆ ಅದನ್ನು ಎರಡು ನಿಮಿಷಕ್ಕೆ ಇಳಿಸಿದರೆ ಅದು ಭಾಷಣವಾಗಿ ಉಳಿಯದು. ಭಾಷಣ ಬೇಗ ಮುಗಿದು ಹೊತ್ತು ಉಳಿದರೆ ಅದನ್ನು ತುಂಬುವದು ವಾದ್ಯಸಂಗೀತ; ಅದು ಅರ್ಧ ನಿಮಿಷಕ್ಕೂ ಸೈ, ಐದು ನಿಮಿಷಕ್ಕೂ ಸೈ. ಇಲ್ಲಿ ಪ್ರತಿಯೊಂದು ಅಂಗವೂ ಮೂರು ಸಂಗತಿಗಳನ್ನು ಹೇಳಿಕೊಳ್ಳುತ್ತದೆ: ನನಗೆ ಸಹಜವಾಗಿ ಬೇಕಾದದ್ದು ಇಷ್ಟು, ಇದಕ್ಕಿಂತ ಕಡಿಮೆಯಾದರೆ ನಾನಿಲ್ಲ, ಹೆಚ್ಚು ಉಳಿದರೆ ಇಷ್ಟು ಪಾಲು ನನಗಿರಲಿ.

ತೆರೆಯ ಮೇಲೆಯೂ ಹಾಗೆಯೇ. ಗುಂಡಿಯು ತನ್ನ ಮೇಲಿನ ಮಾತನ್ನು ಅಳೆದು ತನ್ನ ಬೇಡಿಕೆಯನ್ನು ಚೌಕಟ್ಟಿಗೆ ತಿಳಿಸುತ್ತದೆ. ಚೌಕಟ್ಟು ತನ್ನೊಳಗಿನ ಎಲ್ಲರ ಬೇಡಿಕೆಗಳನ್ನು ಕೂಡಿಸಿ ತನ್ನ ಹೊರಗಿನ ಚೌಕಟ್ಟಿಗೆ ಹೇಳುತ್ತದೆ. ಹೀಗೆ ಬೇಡಿಕೆ ಕೆಳಗಿನಿಂದ ಮೇಲಕ್ಕೇರಿ ವಿಂಡೋವನ್ನು ತಲುಪುತ್ತದೆ. ಅಲ್ಲಿಂದ ಹಂಚಿಕೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಇರುವದಿಷ್ಟು, ನಿನಗಿಷ್ಟು, ನಿನಗಿಷ್ಟು. ಈ ಹಂಚಿಕೆ ಮಾಡುವ ಕಾರಭಾರಿಗೆ ಲೇಔಟ್ ಮ್ಯಾನೇಜರ್ ಎಂದು ಹೆಸರು. ಬರೆಯುವವನು ಅಂಕಿಯನ್ನಲ್ಲ, ಸಂಬಂಧವನ್ನು ಹೇಳುತ್ತಾನೆ. ಅಂಕಿಯನ್ನು ಕಾರಭಾರಿ ಹೊತ್ತಿಗೆ ತಕ್ಕಂತೆ ಕಂಡುಕೊಳ್ಳುತ್ತಾನೆ. ಮಾತು ‘ಎಡಿಟ್’ ಇದ್ದುದು ‘ಸಂಪಾದಿಸು’ ಆಯಿತೆ? ಗುಂಡಿಯ ಬೇಡಿಕೆ ಬದಲಾಯಿತು, ಲೆಕ್ಕ ಮತ್ತೆ ನಡೆಯಿತು, ಅಷ್ಟೆ.

ಈ ವಿಚಾರವು ಮುದ್ರಣಕ್ಕೂ ಹೊಸದಲ್ಲ. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕೆಯ ಪ್ರಾಧ್ಯಾಪಕರು 1978ರಲ್ಲಿ ಪುಸ್ತಕಗಳ ಪುಟ ಕಟ್ಟಲು ಟೆಕ್ ಎಂಬ ವ್ಯವಸ್ಥೆಯನ್ನು ಹೊರತಂದರು. ಅದರಲ್ಲಿ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಪೆಟ್ಟಿಗೆಗಳ ನಡುವೆ ಅಂಟು. ಅಂಟಿಗೆ ಸಹಜವಾದ ಅಳತೆ ಒಂದು, ಹಿಗ್ಗುವ ಶಕ್ತಿ ಒಂದು, ಕುಗ್ಗುವ ಶಕ್ತಿ ಒಂದು. ಮೊಳೆ ಜೋಡಿಸುತ್ತಿದ್ದ ನಮ್ಮ ಹಳೆಯ ಮುದ್ರಣಾಲಯದವರು ಶಬ್ದಗಳ ನಡುವೆ ಸಪೂರವಾದ ತುಂಡುಗಳನ್ನು ತುರುಕಿ ಸಾಲು ಬಿಗಿ ಮಾಡುತ್ತಿದ್ದರಲ್ಲ, ಅದೇ ಕೈಚಳಕವನ್ನು ಲೆಕ್ಕಕ್ಕೆ ಅಳವಡಿಸಿದಂತೆ. ಒತ್ತಕ್ಷರಕ್ಕಾಗಿ ಸಾಲಿನ ಕೆಳಗೆ ಜಾಗ ಬಿಡಲೇಬೇಕೆಂಬದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಕೈಗೆ ಸಿಕ್ಕುವ ಒಂದು ಸಾಧನವನ್ನೇ ಹಿಡಿದು ನೋಡೋಣ. ಪೈಥಾನ್ ಎಂಬ ಗಣಕಭಾಷೆಯನ್ನು ಈಗ ಹುಡುಗರು ಶಾಲೆ-ಕಾಲೇಜುಗಳಲ್ಲಿ ಕಲಿಯುತ್ತಾರೆ. ಅದರ ಜೊತೆಯಲ್ಲಿಯೇ ಬರುವ ಟಿಕೆ-ಇಂಟರ್ ಎಂಬುದು, 1990ರ ಸುಮಾರಿಗೆ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರು ಕಟ್ಟಿದ ‘ಟಿಕೆ’ ಎಂಬ ವಿಜೆಟ್ ಸಂಗ್ರಹವನ್ನು ಪೈಥಾನಿನೊಳಗಿನಿಂದ ಬಳಸುವ ಬಾಗಿಲು. ಅದರಲ್ಲಿ ಮೂರು ಜನ ಕಾರಭಾರಿಗಳು: ಪ್ಲೇಸ್, ಪ್ಯಾಕ್, ಗ್ರಿಡ್.

ಪ್ಲೇಸ್ ಎಂಬವನು ಗೋಡೆಗೆ ಮೊಳೆ ಹೊಡೆದು ಪಟ ತೂಗುಹಾಕಿದಂತೆ. ಸಾಮಾನ್ಯವಾಗಿ ಅಂಕಿ ಹೇಳಿ ಕೂಡ್ರಿಸುವದೇ ಅವನ ಕೆಲಸ. ನಮ್ಮಲ್ಲಿಯ ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗಿಯರು ಶಾಲೆಯ ಪುಸ್ತಕಭಂಡಾರಕ್ಕಾಗಿ ಒಂದು ಪುಟ್ಟ ಪ್ರೋಗ್ರಾಮು ಬರೆದರು. ಇಂಗ್ಲಿಷಿನಲ್ಲಿ ಎಲ್ಲವೂ ಚಂದವಾಗಿತ್ತು. ಮಾತುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದೊಡನೆ ಒಬ್ಬಳು ಬಂದು, ‘ಸರ್, ಅಕ್ಷರದ ಕಾಲು ಕಡದು ಹೋಗ್ಯಾವ್ರಿ’ ಎಂದಳು. ನೋಡಿದರೆ ಪ್ರತಿಯೊಂದನ್ನೂ ಪ್ಲೇಸಿನಿಂದ, ಎತ್ತರದ ಅಂಕಿ ಸಹಿತ ಕೂಡ್ರಿಸಿದ್ದರು. ‘ಎತ್ತರ ಹೆಚ್ಚು ಮಾಡೂಣೇನ್ರಿ?’ ಎಂದು ಇನ್ನೊಬ್ಬಳು ಕೇಳಿದಳು. ‘ಬ್ಯಾಡವಾ, ಎತ್ತರ ಹೇಳೂದನ್ನ ಬಿಡ್ರಿ’ ಎಂದೆ. ಹೇಳದೆ ಬಿಟ್ಟಾಗ ವಿಜೆಟ್ಟು ತನ್ನ ಅಕ್ಷರರೂಪವನ್ನೇ, ಅಂದರೆ ಫಾಂಟನ್ನೇ, ಕೇಳಿ ಎತ್ತರ ತಿಳಿದುಕೊಳ್ಳುತ್ತದೆ.

ಪ್ಯಾಕ್ ಎಂಬವನು ಪಂಕ್ತಿ ಕೂಡ್ರಿಸುವ ಹಿರಿಯ. ಮೊದಲು ಬಂದವನಿಗೆ ಮೊದಲು ಮಣೆ; ಅವನಿಗೆ ಬೇಕಾದಷ್ಟು ಕೊಟ್ಟು, ಉಳಿದ ಜಾಗದಲ್ಲಿ ಮುಂದಿನವನು; ಹೀಗೆ ಕಡೆಯತನಕ. ಜಾಗ ಸಾಕಷ್ಟಿದ್ದಾಗ ಜಗಳವಿಲ್ಲ. ವಿಂಡೋ ಕಿರಿದಾದಾಗ ಮಾತ್ರ ಕಡೆಗೆ ಬಂದವನಿಗೆ ಕುತ್ತು: ಅವನು ಕುಗ್ಗುತ್ತ ಕುಗ್ಗುತ್ತ ಕಾಣದಂತೆಯೇ ಆಗುತ್ತಾನೆ. ಆದ್ದರಿಂದ ‘ಸರಿ’, ‘ರದ್ದು ಮಾಡು’ ಎಂಬ ಗುಂಡಿಗಳು ತೆರೆಯ ತಳದಲ್ಲಿದ್ದರೂ ಅವನ್ನು ಮೊದಲು ಪ್ಯಾಕ್ ಮಾಡಿ, ನಡುವಿನ ದೊಡ್ಡ ಬರಹದ ಖಾನೆಯನ್ನು ಕಡೆಗೆ ಮಾಡಬೇಕು. ದೊಡ್ಡವನು ನಾಲ್ಕು ಸಾಲು ಕಳೆದುಕೊಂಡರೆ ನಡೆಯುತ್ತದೆ. ಗುಂಡಿ ಮಾಯವಾದರೆ ಅರ್ಜಿ ಕಳಿಸುವ ಬಗೆಯೇ ಇಲ್ಲ.

ಪ್ಯಾಕಿನಲ್ಲಿ ಹೊಸಬರು ಕಲಸಿಕೊಳ್ಳುವ ಎರಡು ಮಾತುಗಳುಂಟು, ಎಕ್ಸ್‌ಪಾಂಡ್ ಮತ್ತು ಫಿಲ್. ಉಳಿದ ಜಾಗದಲ್ಲಿ ನನಗೂ ಪಾಲಿರಲಿ ಎಂಬದು ಎಕ್ಸ್‌ಪಾಂಡ್. ಬಂದ ಪಾಲನ್ನು ಮೈತುಂಬ ಹರಡಿಕೊಳ್ಳುತ್ತೇನೆ ಎಂಬದು ಫಿಲ್. ಮೊದಲನೆಯದನ್ನಷ್ಟೇ ಹೇಳಿದರೆ, ದೊಡ್ಡ ಮಣೆಯ ನಟ್ಟನಡುವೆ ಮುದುಡಿ ಕೂತ ಅತಿಥಿಯಂತೆ ವಿಜೆಟ್ಟು ಕೂಡುತ್ತದೆ. ಬಾಳೆಎಲೆ ದೊಡ್ಡದು ಹಾಕುವದು ಒಂದು, ಅದರ ತುಂಬ ಬಡಿಸುವದು ಇನ್ನೊಂದು.

ಅರ್ಜಿಯ ನಮೂನೆಗಳಿಗೆ ಮಾತ್ರ ಗ್ರಿಡ್ಡೇ ಸರಿಯೆಂದು ನನ್ನ ಮತ. ನಮ್ಮ ಕಡೆಯ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಗ್ರಿಡ್ ಎಂದರೆ ತೆರೆಯನ್ನು ಅಂಕಣಗಳಾಗಿ ಭಾಗಿಸುವದು. ಎಡದ ಕಂಬಸಾಲಿನಲ್ಲಿ ‘ಹೆಸರು’, ‘ತಂದೆಯ ಹೆಸರು’, ‘ಗ್ರಾಮ’. ಬಲದ ಕಂಬಸಾಲಿನಲ್ಲಿ ತುಂಬುವ ಖಾನೆಗಳು. ಎಡದ ಸಾಲು ತನ್ನೊಳಗಿನ ಅತಿ ಉದ್ದದ ಮಾತಿನಷ್ಟು ಅಗಲವಾಗುತ್ತದೆ. ಅದನ್ನು ಯಾರೂ ಅಳೆದು ಕೊಡಬೇಕಾಗಿಲ್ಲ. ‘ತಂದೆಯ ಹೆಸರು’ ಎಂಬಲ್ಲಿ ‘ತಂದೆ ಅಥವಾ ಪೋಷಕರ ಹೆಸರು’ ಎಂದು ಬದಲಿಸಿದರೆ ಕಂಬವೇ ಸರಿದುಕೊಳ್ಳುತ್ತದೆ. ಯಾವ ಮೇಸ್ತ್ರಿಯೂ ಕಟ್ಟಲಾರದ ಮನೆ!

ಆದರೆ ವಿಂಡೋವನ್ನು ಹಿಗ್ಗಿಸಿದಾಗ ಉಳಿದ ಜಾಗ ಯಾರಿಗೆ? ಅದಕ್ಕಾಗಿ ಪ್ರತಿ ಕಂಬಸಾಲಿಗೂ ‘ವೇಟ್’ ಎಂಬ ತೂಕವುಂಟು. ಏನೂ ಹೇಳದಿದ್ದರೆ ತೂಕ ಸೊನ್ನೆ, ಸೊನ್ನೆಯವನಿಗೆ ಪಾಲಿಲ್ಲ. ಎಲ್ಲರೂ ಸೊನ್ನೆಯಾದರೆ ನಮೂನೆಯು ವಿಂಡೋವಿನ ಮೇಲಿನ ಎಡಮೂಲೆಯಲ್ಲಿ ಗಿಡ್ಡಾಗಿ ಕೂತು ಬಲಕ್ಕೂ ಕೆಳಕ್ಕೂ ಬಯಲು ಉಳಿಯುತ್ತದೆ. ಎಡದ ಮಾತುಗಳಿಗೆ ಸೊನ್ನೆ, ಬಲದ ಖಾನೆಗಳಿಗೆ ಒಂದು ಎಂದು ತೂಕವಿಟ್ಟು, ಖಾನೆಗಳು ತಮ್ಮ ಅಂಕಣದ ಪೂರ್ವ-ಪಶ್ಚಿಮ ಗೋಡೆಗಳಿಗೆ ಅಂಟಿಕೊಂಡಿರಲೆಂದು ‘ಸ್ಟಿಕಿ’ ಹೇಳಿದರೆ, ಬಂದ ಜಾಗವೆಲ್ಲ ಬರೆಯುವ ಖಾನೆಗೆ ಹೋಗುತ್ತದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಒಂದೇ ಉಸಿರಿನಲ್ಲಿ ಬರೆಯುವ ನಮ್ಮ ಸೀಮೆಯವರಿಗೆ ಆ ಜಾಗ ಬೇಕೇ ಬೇಕು.

ಒಂದು ಎಚ್ಚರಿಕೆ. ಒಂದೇ ಚೌಕಟ್ಟಿನೊಳಗೆ ಪ್ಯಾಕನ್ನೂ ಗ್ರಿಡ್ಡನ್ನೂ ಕಾರಭಾರಕ್ಕೆ ಇಡಬಾರದು. ಹಿಂದಿನ ಆವೃತ್ತಿಗಳಲ್ಲಿ ಒಬ್ಬನು ಹಾಕಿದ ಲೆಕ್ಕವನ್ನು ಇನ್ನೊಬ್ಬನು ಕೆಡಿಸುತ್ತ, ಅವನದನ್ನು ಇವನು ತಿದ್ದುತ್ತ, ಪ್ರೋಗ್ರಾಮು ನಿಂತಲ್ಲೇ ನಿಲ್ಲುತ್ತಿತ್ತು. ಈಗಿನ ಟಿಕೆ ಹಾಗಾಗಗೊಡದೆ ಮೊದಲೇ ತಕರಾರು ಹೇಳುತ್ತದೆ. ಬೇರೆ ಬೇರೆ ಚೌಕಟ್ಟಿನಲ್ಲಿ ಇಬ್ಬರೂ ಸುಖವಾಗಿರುತ್ತಾರೆ. ಒಂದು ಒಲೆಗೆ ಇಬ್ಬರು ಯಜಮಾನಿಯರು ಬೇಡ, ಅಷ್ಟೆ.

ಇನ್ನು ಕನ್ನಡಕ್ಕೇ ವಿಶೇಷವಾದ ಮಾತುಗಳು. ಖಾನೆಯ ಅಗಲವನ್ನು ಟಿಕೆಯಲ್ಲಿ ‘ಇಷ್ಟು ಅಕ್ಷರ’ ಎಂದು ಹೇಳುವ ರೂಢಿ, ಹೇಳದಿದ್ದರೆ ಇಪ್ಪತ್ತು. ಅದು ಎಂಥ ಅಕ್ಷರ? ಆ ಫಾಂಟಿನ ‘0’ ಎಂಬ ಅಂಕಿಯ ಅಗಲವನ್ನೇ ಅಲ್ಲಿ ಒಂದು ಅಕ್ಷರವೆಂದು ಹಿಡಿಯುತ್ತಾರೆ. ನಮ್ಮ ಅಕ್ಷರಗಳೊ, ಒಂದು ಸೊನ್ನೆಯಷ್ಟು, ಒಂದು ಎರಡು ಸೊನ್ನೆಯಷ್ಟು. ಯಂತ್ರದ ಎಣಿಕೆಯಂತೂ ಬೇರೆಯೇ. 1991ರಲ್ಲಿ ಬಂದ ಯುನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಮೊದಲಿನಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಹಲಂತದ ಗುರುತಿಗೊಂದು ಸಂಕೇತ. ವ್ಯಾಕರಣದಲ್ಲಿ ‘ಸ್ತ್ರೀ’ ಒಂದೇ ಅಕ್ಷರ. ಯಂತ್ರಕ್ಕೆ ಅದು ಆರು ಸಂಕೇತ. ನಮ್ಮೂರಿನಲ್ಲಿಯೇ ಸಮಾಧಿಯುಳ್ಳ ರಾಣಿಯ ಹೆಸರನ್ನು ನೋಡಿ: ‘ಕಿತ್ತೂರ ರಾಣಿ ಚನ್ನಮ್ಮ’. ನಾವು ಎಣಿಸಿದರೆ ಎಂಟು ಅಕ್ಷರ. ನಡುವಿನ ಎರಡು ತೆರಪು ಸೇರಿ ಯಂತ್ರ ಎಣಿಸಿದರೆ ಸರಿಯಾಗಿ ಇಪ್ಪತ್ತು. ಹೆಸರು ಇಪ್ಪತ್ತನ್ನು ಮೀರಕೂಡದೆಂದು ಕಟ್ಟಳೆ ಮಾಡಿದ ನಮೂನೆಯಲ್ಲಿ ‘ಚನ್ನಮ್ಮನ’ ಎಂದು ಷಷ್ಠೀವಿಭಕ್ತಿ ಹಚ್ಚುವಂತಿಲ್ಲ! ಎಣಿಕೆಯು ಅಗಲವನ್ನೂ ಹೇಳದು, ಅಕ್ಷರವನ್ನೂ ಹೇಳದು. ಬರೆದ ಮಾತನ್ನು ಅದೇ ಫಾಂಟಿನಲ್ಲಿ ಅಳೆದು ನೋಡುವದೊಂದೇ ನಿಜವಾದ ಅಳತೆ. ಅಳೆಯುವ ಸೌಕರ್ಯ ಎಲ್ಲ ವ್ಯವಸ್ಥೆಗಳಲ್ಲಿಯೂ ಇದೆ.

ಎತ್ತರದ ವಿಷಯದಲ್ಲಿ ಇನ್ನೊಂದು ತೊಡಕು. ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಫಾಂಟನ್ನು ಹೆಸರಿಸಿ, ಕನ್ನಡ ಮಾತು ಬಂದಾಗ ಯಂತ್ರವೇ ಒಂದು ಕನ್ನಡ ಫಾಂಟನ್ನು ಎರವಲು ತರುವಂತೆ ಬಿಟ್ಟರೆ, ಕೆಲವು ವ್ಯವಸ್ಥೆಗಳು ಎತ್ತರವನ್ನು ಹೆಸರಿಸಿದ ಇಂಗ್ಲಿಷ್ ಫಾಂಟಿನಿಂದಲೇ ಅಳೆಯುತ್ತವೆ. ಬಂದ ಅತಿಥಿಗೆ ಮನೆಯವನ ಅಂಗಿ ತೊಡಿಸಿದಂತೆ. ಆದಕಾರಣ ವಿಂಡೋಸ್ ಯಂತ್ರದಲ್ಲಿ ನಿರ್ಮಲಾ ಎಂದೋ, ತುಂಗಾ ಎಂದೋ, ಬೇರೆಡೆಗೆ ನೋಟೊ ಸಾನ್ಸ್ ಕನ್ನಡ ಎಂದೋ ಕನ್ನಡ ಫಾಂಟನ್ನು ಸ್ಪಷ್ಟವಾಗಿ ಹೆಸರಿಸುವದು ಲೇಸು.

ಮೊಬೈಲಿನ ಪ್ರೋಗ್ರಾಮುಗಳಲ್ಲಿಯೂ ನ್ಯಾಯ ಇದೇ, ಹೆಸರುಗಳಷ್ಟೇ ಬೇರೆ. ಆಂಡ್ರಾಯ್ಡಿನಲ್ಲಿ ಚುಕ್ಕಿಗಳನ್ನು ನೇರವಾಗಿ ಎಣಿಸದೆ ಡಿಪಿ ಎಂಬ ಮಾನವನ್ನು ಬಳಸುತ್ತಾರೆ. ಇಂಚಿಗೆ 160 ಚುಕ್ಕಿಯುಳ್ಳ ತೆರೆಯಲ್ಲಿ ಒಂದು ಡಿಪಿ ಎಂದರೆ ಒಂದು ಚುಕ್ಕಿ, ಅದರ ಇಮ್ಮಡಿ ದಟ್ಟಣೆಯ ತೆರೆಯಲ್ಲಿ ಎರಡು. ಅಕ್ಷರಗಳಿಗೆ ಎಸ್‌ಪಿ ಎಂಬ ಬೇರೆ ಮಾನ. ಅದು ಅಜ್ಜನು ಆರಿಸಿಕೊಂಡ ಅಕ್ಷರಗಾತ್ರದ ಜೊತೆ ತಾನೂ ಬೆಳೆಯುತ್ತದೆ. ಅಕ್ಷರವನ್ನು ಎಸ್‌ಪಿಯಲ್ಲಿ ಬೆಳೆಯಗೊಟ್ಟು, ಅದು ಕೂಡುವ ಪೆಟ್ಟಿಗೆಯ ಎತ್ತರವನ್ನು ಡಿಪಿಯಲ್ಲಿ ಕಟ್ಟಿಹಾಕುವವರುಂಟು. ಕೂಸು ಬೆಳೆದರೂ ಕುಲಾಯಿ ಅದೇ. ಒತ್ತು ಮರೆಯಾಗುವದು ಹೆಚ್ಚಾಗಿ ಇಲ್ಲಿಯೇ, ಅದೂ ದೊಡ್ಡಕ್ಷರ ಬೇಕಾದ ಮುದುಕರ ಕೈಯಲ್ಲಿಯೇ.

ಬಾಲ ಕತ್ತರಿಸುವದಕ್ಕೆ ಮದ್ದು, ಮಾತನ್ನು ಎರಡನೆಯ ಸಾಲಿಗೆ ಮಡಚಗೊಡುವದು. ಮಡಚಬೇಕಾದರೆ ಶಬ್ದಗಳ ನಡುವೆ ತೆರಪು ಬೇಕು. ‘ದೃಢೀಕರಣಪತ್ರಕ್ಕಾಗಿ’ ಎಂದು ಸಮಾಸವನ್ನೂ ವಿಭಕ್ತಿಯನ್ನೂ ಒಂದೇ ಹುರಿಯಾಗಿ ಹೊಸೆದರೆ ಯಂತ್ರಕ್ಕೆ ಮಡಚುವ ಎಡೆ ಸಿಗದು; ‘ದೃಢೀಕರಣ ಪತ್ರಕ್ಕಾಗಿ’ ಎಂದು ಬಿಡಿಸಿದರೆ ಸಿಗುತ್ತದೆ. ಸಂಧಿಸಮಾಸಗಳಲ್ಲಿ ಬೆಳೆದ ನನ್ನಂಥವನಿಗೆ ಹೀಗೆ ಬಿಡಿಸಿ ಬರೆಯುವದು ಕೊಂಚ ಒಗರು. ಆದರೂ ತೆರೆಯ ಮೇಲೆ ಅದೇ ತಕ್ಕುದು. ಮತ್ತು ಆಯಿತೋ ಇಲ್ಲವೋ ಎಂಬದನ್ನು ಹೇಳುವ ವಾಕ್ಯಕ್ಕೆ ಮೂರು ಚುಕ್ಕಿಯ ಏರ್ಪಾಡು ಎಂದೂ ಬೇಡ. ಸಾಲು ಎರಡಾಗಲಿ, ಮೂರಾಗಲಿ, ‘ಇಲ್ಲ’ ಕಾಣಲಿ.

ಆ ಇಬ್ಬರು ಹುಡುಗಿಯರಿಗೆ ನಾನು ಕೊಟ್ಟದ್ದು ನಾಲ್ಕು ಶಬ್ದ: ಲಕ್ಷ್ಮಿ, ರಾಷ್ಟ್ರ, ಸ್ತ್ರೀ, ಸ್ವಾತಂತ್ರ್ಯ. ಎರಡೆರಡು ಒತ್ತು ಹೊತ್ತ ಅಕ್ಷರ ಈ ನಾಲ್ಕರಲ್ಲಿಯೂ ಇದೆ. ಪ್ರತಿ ಗುಂಡಿ, ಪ್ರತಿ ಖಾನೆಯಲ್ಲಿಯೂ ಇವನ್ನು ಕೂಡ್ರಿಸಿ, ಅಕ್ಷರಗಾತ್ರವನ್ನು ಒಂದೂವರೆ ಪಟ್ಟು ಮಾಡಿ, ವಿಂಡೋವನ್ನು ಅಂಗೈಯಷ್ಟು ಕಿರಿದು ಮಾಡಿ ನೋಡುವದು. ಪುಸ್ತಕಭಂಡಾರದ ನಮೂನೆಯನ್ನು ಅವರು ಗ್ರಿಡ್ಡಿಗೆ ತಿರುಗಿಸಿದ ಮೇಲೆ ಮೂರು ಶಬ್ದಗಳು ಕೂಡಲೇ ಪೂರ್ತಿ ಕಂಡವು. ‘ಸ್ವಾತಂತ್ರ್ಯ’ದ ಕಡೆಯ ಒತ್ತು ಮಾತ್ರ, ಫಾಂಟಿನ ಹೆಸರನ್ನು ಬದಲಿಸಿದ ನಂತರ ಕೆಳಗಿಳಿದು ನಿಂತಿತು.